ಕುದುರೆ ಇಲ್ಲದ ಊರಲ್ಲಿ ಕುದುರೆ ಚಿಕಿತ್ಸೆ: ಶಿರಸಿ, ಸಿದ್ದಾಪುರ, ಯಲ್ಲಾಪುರದ ಪೋಷಕರು ತಿಳಿಯಬೇಕಾದ್ದೇನು?

(ಪಾಡ್‌ಕಾಸ್ಟ್‌ನ ಅಕ್ಷರ ರೂಪ. ಓದಿಗೆ ಅನುಕೂಲವಾಗುವಂತೆ ಅಲ್ಲಲ್ಲಿ ಸಂಕ್ಷೇಪಿಸಲಾಗಿದೆ.)

ಇವತ್ತಿನ ಸಂಚಿಕೆ ಒಂದು ಪ್ರಶ್ನೆಯ ಸುತ್ತ ಇದೆ. ಘಟ್ಟದ ಮೇಲಿನ ನಮ್ಮ ಕೇಳುಗರಲ್ಲಿ ಬೆಳವಣಿಗೆಯ ತೊಂದರೆ ಇರುವ ಮಕ್ಕಳ ಅಪ್ಪ-ಅಮ್ಮಂದಿರು ಸುಮಾರು ಜನ ಇದ್ದಾರೆ. ಅವರು ಮೊಬೈಲಲ್ಲಿ ಒಂದು ವಿಡಿಯೋ ನೋಡಿರ್ತಾರೆ. ಕುದುರೆ ಮೇಲೆ ಕೂತ ಪುಟ್ಟ ಮಗು, ಅಕ್ಕಪಕ್ಕ ಇಬ್ಬರು, ಮಗು ನಗ್ತಾ ಇದೆ. ಕೆಳಗೆ ‘ಕುದುರೆ ಚಿಕಿತ್ಸೆಯಿಂದ ನಡೆಯಲು ಕಲಿತ ಮಗು’ ಅಂತ ಬರಹ. ಅದನ್ನ ನೋಡಿದ ಮೇಲೆ ಪ್ರಶ್ನೆ ಬರುತ್ತೆ: ‘ನಮ್ಮ ಮಗನಿಗೂ ಇದನ್ನ ಮಾಡಿಸಬೇಕಾ? ತೋಟ ಯಾರಿಗಾದರೂ ನೋಡಿಕೊಳ್ಳೋಕೆ ಕೊಟ್ಟು ಒಂದೆರಡು ವರ್ಷ ಬೆಂಗಳೂರಲ್ಲಿ ಮನೆ ಮಾಡಬೇಕಾ?’

ಇದು ಸಣ್ಣ ಪ್ರಶ್ನೆ ಅಲ್ಲ. ಒಂದು ಕುಟುಂಬದ ಸಂಪಾದನೆ, ಇನ್ನೊಂದು ಮಗುವಿನ ಶಾಲೆ, ವಯಸ್ಸಾದ ಅಜ್ಜ-ಅಜ್ಜಿ, ಎಲ್ಲಾ ಇದರಲ್ಲಿ ಸೇರಿಕೊಂಡಿದೆ. ಹಾಗಾಗಿ ಆತುರದ ಉತ್ತರ ಕೊಡೋದು ಬೇಡ. ಕುದುರೆ ಚಿಕಿತ್ಸೆ ಅಂದ್ರೆ ಏನು, ಅದು ಹೇಗೆ ಕೆಲಸ ಮಾಡುತ್ತೆ, ಸಂಶೋಧನೆ ಏನು ಹೇಳುತ್ತೆ, ಅದರಲ್ಲಿ ಶಿರಸಿ-ಸಿದ್ದಾಪುರ-ಯಲ್ಲಾಪುರದ ಮನೆಯ ಅಂಗಳಕ್ಕೆ ತರಬಹುದಾದ್ದು ಯಾವುದು ಅಂತ ಒಂದೊಂದಾಗಿ ನೋಡೋಣ.

‘ಆಕ್ಯುಪೇಶನಲ್ ಥೆರಪಿ’ ಅಂದ್ರೆ ಉದ್ಯೋಗ ತರಬೇತಿ ಅಲ್ಲ

ಮೊದಲು ಈ ಹೆಸರಿನ ಗೊಂದಲ ಬಗೆಹರಿಸಿಕೊಳ್ಳೋಣ. ಆಕ್ಯುಪೇಶನಲ್ ಥೆರಪಿಯನ್ನ ಕನ್ನಡದಲ್ಲಿ ‘ಔದ್ಯೋಗಿಕ ಚಿಕಿತ್ಸೆ’ ಅಂತ ಬರೀತಾರೆ. ಅದನ್ನ ಓದಿದ ಪೋಷಕರು, ‘ನಮ್ಮ ಮಗುವಿಗೆ ಇನ್ನೂ ನಾಲ್ಕು ವರ್ಷ, ಉದ್ಯೋಗದ ಮಾತು ಈಗ್ಯಾಕೆ’ ಅಂದುಕೊಳ್ಳೋದು ಸಹಜ. ಇಲ್ಲಿ ಉದ್ಯೋಗ ಅಂದ್ರೆ ದಿನ ತುಂಬುವ ಕೆಲಸಗಳು. ಮಗುವಿಗೆ ಆಟ ಒಂದು ಉದ್ಯೋಗ. ಅನ್ನ ಕಲಸಿ ಬಾಯಿಗಿಡೋದು, ಅಂಗಿ ಹಾಕಿಕೊಳ್ಳೋದು, ಶೌಚಕ್ಕೆ ಹೋಗೋದು, ಪೆನ್ಸಿಲ್ ಹಿಡಿಯೋದು, ಶಾಲೆಯಲ್ಲಿ ಬೆಂಚಿನ ಮೇಲೆ ಜಾರದೆ ಕೂರೋದು ಎಲ್ಲಾ ಉದ್ಯೋಗವೇ.

ಫಿಸಿಯೋಥೆರಪಿಸ್ಟ್ ಮುಖ್ಯವಾಗಿ ಸ್ನಾಯು, ಕೀಲು, ನಡಿಗೆ ನೋಡ್ತಾರೆ. ಸ್ಪೀಚ್ ಥೆರಪಿಸ್ಟ್ ಮಾತು, ಸಂವಹನ, ನುಂಗುವಿಕೆ ನೋಡ್ತಾರೆ. ಆಕ್ಯುಪೇಶನಲ್ ಥೆರಪಿಸ್ಟ್ ಕೇಳುವ ಪ್ರಶ್ನೆ ಬೇರೆ: ‘ಈ ಮಗು ತನ್ನ ದಿನದಲ್ಲಿ ಏನನ್ನ ತಾನೇ ಮಾಡೋಕಾಗ್ತಿಲ್ಲ? ಅದಕ್ಕೆ ಅಡ್ಡಿ ಏನು?’ ಅಡ್ಡಿ ಬೆನ್ನಿನ ಬಲದಲ್ಲಿ ಇರಬಹುದು, ಬೆರಳಲ್ಲಿರಬಹುದು, ಸದ್ದು-ಸ್ಪರ್ಶ ತಡೆಯೋಕಾಗದೆ ಇರಬಹುದು, ಅಥವಾ ಮನೆಯ ಪಾವಟಿಗೆಯೇ ಎತ್ತರ ಇರಬಹುದು.

ಈ ಮೂರೂ ಬಗೆಯ ಥೆರಪಿಸ್ಟ್‌ಗಳು ಕೆಲವು ಮಕ್ಕಳಿಗೆ ಕುದುರೆಯನ್ನ ಸಾಧನವಾಗಿ ಬಳಸ್ತಾರೆ. ಕುದುರೆಯ ನಡಿಗೆಯನ್ನೇ ಚಿಕಿತ್ಸೆಗೆ ಬಳಸೋದಕ್ಕೆ ‘ಹಿಪ್ಪೋಥೆರಪಿ’ ಅಂತ ಹೆಸರು. ಹಿಪ್ಪೋ ಅಂದ ಕೂಡ್ಲೇ ನೀರಾನೆ ನೆನಪಾಗುತ್ತೆ, ಅಲ್ವಾ? ಗ್ರೀಕ್ ಭಾಷೆಯಲ್ಲಿ ‘ಹಿಪ್ಪೋಸ್’ ಅಂದ್ರೆ ಕುದುರೆ. ಹಿಪ್ಪೊಪೊಟಮಸ್ ಅಂದ್ರೆ ನದಿಯ ಕುದುರೆ. ಇನ್ನೊಂದು ಬಗೆ ಇದೆ, ‘ಥೆರಪ್ಯೂಟಿಕ್ ರೈಡಿಂಗ್’. ಅಲ್ಲಿ ತರಬೇತುದಾರರು ವಿಶೇಷ ಮಕ್ಕಳಿಗೆ ಕುದುರೆ ಸವಾರಿಯನ್ನೇ ಕಲಿಸ್ತಾರೆ. ಹಿಪ್ಪೋಥೆರಪಿಯಲ್ಲಿ ಮಗು ಸವಾರಿ ಕಲಿಯಬೇಕಾಗಿಲ್ಲ, ಕುದುರೆಯನ್ನ ಬೇರೆಯವರು ನಡೆಸ್ತಾರೆ. ಈ ಎರಡರ ವ್ಯತ್ಯಾಸ ನೆನಪಿಡಿ, ಮುಂದೆ ಬೇಕಾಗುತ್ತೆ.

ಒಬ್ಬ ಸವಾರಿಣಿಯ ಪದಕ

ಈ ವಿಷಯಕ್ಕೆ ಜಗತ್ತಿನ ಗಮನ ಬಿದ್ದದ್ದು ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಅವರಿಂದ. 1944ರಲ್ಲಿ ಅವರಿಗೆ ಪೋಲಿಯೋ ಬಂತು. ಆಗ ಅವರು ಗರ್ಭಿಣಿ. ಮೊಣಕಾಲಿನ ಕೆಳಗೆ ಶಕ್ತಿ ಮರಳಲೇ ಇಲ್ಲ. ಕುದುರೆ ಹತ್ತೋಕೂ ಇಳಿಯೋಕೂ ಇನ್ನೊಬ್ಬರ ನೆರವು ಬೇಕಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಡ್ರೆಸಾಜ್ ಎಂಬ ಕುದುರೆ ಸವಾರಿ ಸ್ಪರ್ಧೆಗೆ ಮೊದಲ ಬಾರಿ ಮಹಿಳೆಯರಿಗೂ ಅವಕಾಶ ಸಿಕ್ಕಿತು. ಗಂಡಸರ ಜೊತೆಗೇ ಸ್ಪರ್ಧಿಸಿ, ಜುಬಿಲಿ ಅನ್ನೋ ಕುದುರೆಯ ಮೇಲೆ ಅವರು ಬೆಳ್ಳಿ ಗೆದ್ದರು. 1956ರಲ್ಲಿ ಮತ್ತೆ ಬೆಳ್ಳಿ.

ಕುದುರೆ ಹಾರ್ಟೆಲ್ ಅವರ ಪೋಲಿಯೋವನ್ನ ಗುಣ ಮಾಡಲಿಲ್ಲ. ಪದಕ ಪಡೆಯೋಕೆ ವೇದಿಕೆ ಹತ್ತುವಾಗಲೂ ಅವರಿಗೆ ಚಿನ್ನ ಗೆದ್ದ ಸ್ಪರ್ಧಿಯ ಆಸರೆ ಬೇಕಾಯಿತು. ಉಳಿದ ಶಕ್ತಿಯಲ್ಲೇ ಅವರು ಮಾಡಬಹುದಾದ್ದು ಬಹಳ ಹೆಚ್ಚಾಯಿತು. ಕುದುರೆ ಚಿಕಿತ್ಸೆಯಿಂದ ನಾವು ಎಷ್ಟು ನಿರೀಕ್ಷಿಸಬಹುದು ಅನ್ನೋದಕ್ಕೆ ಇದು ಒಳ್ಳೆಯ ಅಳತೆ. ಮುಂದೆ 1960ರ ದಶಕದಲ್ಲಿ ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾಗಳ ಫಿಸಿಯೋಥೆರಪಿಸ್ಟ್‌ಗಳು ಇದನ್ನ ಕ್ರಮಬದ್ಧ ಚಿಕಿತ್ಸೆಯಾಗಿ ಬೆಳೆಸಿದರು. 1969ರಲ್ಲಿ ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಅಂಗವಿಕಲರ ಕುದುರೆ ಸವಾರಿಗಾಗಿ ರಾಷ್ಟ್ರಮಟ್ಟದ ಸಂಸ್ಥೆಗಳು ಶುರುವಾದವು.

ಕುದುರೆಯ ಬೆನ್ನ ಮೇಲೆ ಏನಾಗುತ್ತೆ?

ನಾವು ನಡೆಯುವಾಗ ಸೊಂಟ ಮೂರು ಬಗೆಯಲ್ಲಿ ಅಲುಗುತ್ತೆ: ಹಿಂದೆ-ಮುಂದೆ, ಅಕ್ಕಪಕ್ಕ, ಜೊತೆಗೆ ಸ್ವಲ್ಪ ತಿರುಚು. ಕುದುರೆ ನಡೆಯುವಾಗ ಅದರ ಬೆನ್ನು ಮೇಲೆ ಕೂತವರ ಸೊಂಟವನ್ನ ಹೆಚ್ಚುಕಡಿಮೆ ಇದೇ ರೀತಿ ಅಲುಗಿಸುತ್ತೆ. ಅಂದ್ರೆ ತನ್ನ ಕಾಲಲ್ಲಿ ನಡೆಯದ ಮಗುವಿನ ಸೊಂಟಕ್ಕೆ, ಬೆನ್ನಿಗೆ ‘ನಡಿಗೆ ಅಂದ್ರೆ ಹೀಗಿರುತ್ತೆ’ ಅನ್ನೋ ಅನುಭವ ಸಿಗುತ್ತೆ.

ಕುದುರೆ ನಿಮಿಷಕ್ಕೆ ಸುಮಾರು 100 ಹೆಜ್ಜೆ ಹಾಕುತ್ತೆ. ಪ್ರತಿ ಹೆಜ್ಜೆಗೂ ಮಗು ಸ್ವಲ್ಪ ವಾಲುತ್ತೆ, ಬೀಳದ ಹಾಗೆ ತನ್ನನ್ನ ತಾನೇ ಸರಿಮಾಡಿಕೊಳ್ಳುತ್ತೆ. 25 ನಿಮಿಷಕ್ಕೆ ಲೆಕ್ಕ ಹಾಕಿ, 2,500 ಸಲ. ಇಷ್ಟು ಸಲ ಬೆನ್ನು-ಹೊಟ್ಟೆಯ ಸ್ನಾಯುಗಳಿಗೆ ಕೆಲಸ ಕೊಡೋ ವ್ಯಾಯಾಮವನ್ನ ನಾಲ್ಕು ವರ್ಷದ ಮಗುವಿಗೆ ಚಾಪೆಯ ಮೇಲೆ ಮಾಡಿಸಿ ನೋಡಿ. ಹತ್ತನೇ ಸಲಕ್ಕೇ ಅಳು ಶುರು.

ಇನ್ನೆರಡು ಅನುಕೂಲ ಇವೆ. ಸೆರೆಬ್ರಲ್ ಪಾಲ್ಸಿ ಇರುವ ಕೆಲವು ಮಕ್ಕಳ ಕಾಲುಗಳು ಬಿಗಿಯಾಗಿ ಕತ್ತರಿಯ ಹಾಗೆ ಒಂದರ ಮೇಲೊಂದು ಬರುತ್ತವೆ. ಕುದುರೆಯ ಅಗಲ ಬೆನ್ನಿನ ಎರಡೂ ಕಡೆ ಕಾಲು ಹಾಕಿ ಕೂತಾಗ ಆ ಸ್ನಾಯುಗಳು ನಿಧಾನಕ್ಕೆ ಹಿಗ್ಗುತ್ತವೆ. ಕುದುರೆಯ ಮೈ ನಮ್ಮ ಮೈಗಿಂತ ಸ್ವಲ್ಪ ಬೆಚ್ಚಗೆ, ಸುಮಾರು 38 ಡಿಗ್ರಿ ಸೆಲ್ಸಿಯಸ್ ಇರುತ್ತೆ. ತಡಿಯ ಬದಲು ತೆಳುವಾದ ಹಾಸು ಹಾಕೋದರಿಂದ ಆ ಬಿಸಿಯೂ ಮಗುವಿಗೆ ತಾಗುತ್ತೆ.

ಆದ್ರೆ ಸುಮ್ಮನೆ ಸುತ್ತು ಹೊಡೆಸಿದ್ರೆ ಅದು ಚಿಕಿತ್ಸೆ ಆಗಲ್ಲ. ಮುಂದೆ ಕುದುರೆ ಹಿಡಿದವರು ಒಬ್ಬರು, ಎರಡೂ ಬದಿಗೆ ಒಬ್ಬೊಬ್ಬರು, ಜೊತೆಗೆ ಥೆರಪಿಸ್ಟ್. ಥೆರಪಿಸ್ಟ್ ಪ್ರತಿ ಕ್ಷಣ ನಿರ್ಧಾರ ಮಾಡ್ತಿರ್ತಾರೆ. ಕುದುರೆ ಈಗ ನಿಲ್ಲಲಿ, ಈಗ ಹೊರಡಲಿ: ಪ್ರತಿ ಸಲ ನಿಂತು ಹೊರಟಾಗ ಮಗುವಿನ ಬೆನ್ನು ಎಚ್ಚರಾಗಬೇಕು. ಈಗ ಎಡಕ್ಕೆ ತಿರುಗಲಿ: ಪಕ್ಕದ ಸ್ನಾಯು ಕೆಲಸ ಮಾಡಲಿ. ಮಗು ಎರಡೂ ಕೈ ಎತ್ತಿ ಒಂದು ಬಳೆಯನ್ನ ಕಂಬಕ್ಕೆ ಹಾಕಲಿ: ಆಸರೆ ಹಿಡಿಯದೆ ಕೂರೋದನ್ನ ಕಲಿಯಲಿ. ಮಾತು ತಡವಾದ ಮಗುವಾದ್ರೆ ‘ನಡಿ’ ಅನ್ನೋವರೆಗೆ ಕುದುರೆ ಹೊರಡಲ್ಲ. ಒಂದು ಪುಟ್ಟ ಮಾತಿಗೆ ಅಷ್ಟು ದೊಡ್ಡ ಪ್ರಾಣಿ ಹೆಜ್ಜೆ ಹಾಕುತ್ತೆ ಅಂದ್ರೆ, ಮಾತಾಡಿದ್ದಕ್ಕೆ ಮಗುವಿಗೆ ಅದಕ್ಕಿಂತ ದೊಡ್ಡ ಬಹುಮಾನ ಯಾವುದು?

ಸಂಶೋಧನೆ ಏನು ಹೇಳುತ್ತೆ?

ಮೂರು ಅಧ್ಯಯನಗಳನ್ನ ಹೇಳ್ತೀನಿ.

ಮೊದಲನೆಯದು 2003ರದ್ದು, ಅಮೆರಿಕದ್ದು. ವಿಲಿಯಂ ಬೆಂಡಾ ಮತ್ತು ಸಂಗಡಿಗರು ಸೆರೆಬ್ರಲ್ ಪಾಲ್ಸಿ ಇರುವ 15 ಮಕ್ಕಳನ್ನ ಎರಡು ಗುಂಪು ಮಾಡಿದರು. ಒಂದು ಗುಂಪು 8 ನಿಮಿಷ ನಡೆಯುವ ಕುದುರೆಯ ಮೇಲೆ ಕೂತಿತು. ಇನ್ನೊಂದು ಗುಂಪು ಅಷ್ಟೇ ಹೊತ್ತು ಅಲುಗದ ಪೀಪಾಯಿಯ ಮೇಲೆ ಎರಡೂ ಕಡೆ ಕಾಲು ಹಾಕಿ ಕೂತಿತು. ಎಡ-ಬಲ ಸ್ನಾಯುಗಳು ಎಷ್ಟು ಸಮವಾಗಿ ಕೆಲಸ ಮಾಡ್ತಿವೆ ಅಂತ ಮೊದಲೂ ಆಮೇಲೂ ಅಳೆದರು. ಕುದುರೆ ಮೇಲೆ ಕೂತವರಲ್ಲಿ ಸುಧಾರಣೆ ಕಂಡಿತು, ಪೀಪಾಯಿಯ ಗುಂಪಿನಲ್ಲಿ ಹಾಗೆ ಕಾಣಲಿಲ್ಲ. ಕಾಲು ಅಗಲಿಸಿ ಕೂತರಷ್ಟೇ ಸಾಲದು, ಚಲನೆ ಬೇಕು ಅಂತ ಇದರಿಂದ ಗೊತ್ತಾಗುತ್ತೆ. ಆದ್ರೆ ಮಕ್ಕಳು 15 ಮಾತ್ರ, ಅಳೆದದ್ದು ಒಂದೇ ಕೂರಿಕೆಯ ಫಲ ಅನ್ನೋದು ಮರೀಬೇಡಿ.

ಎರಡನೆಯದು ಆಟಿಸಂ ಕುರಿತದ್ದು. 2015ರಲ್ಲಿ ಕೊಲರಾಡೋದ ರಾಬಿನ್ ಗೇಬ್ರಿಯಲ್ಸ್ ಮತ್ತು ಸಂಗಡಿಗರು ಪ್ರಕಟಿಸಿದ್ದು. 6ರಿಂದ 16 ವರ್ಷದ 127 ಮಕ್ಕಳು, 10 ವಾರ. ಒಂದು ಗುಂಪಿಗೆ ಥೆರಪ್ಯೂಟಿಕ್ ರೈಡಿಂಗ್. ಇನ್ನೊಂದು ಗುಂಪಿಗೆ ಕುದುರೆ ಬಗ್ಗೆಯೇ ಪಾಠ, ಆಟ; ಆದ್ರೆ ಜೀವಂತ ಕುದುರೆ ಇಲ್ಲ. ಸವಾರಿ ಮಾಡಿದವರಲ್ಲಿ ಸಿಡುಕು, ಚಡಪಡಿಕೆ ಹೆಚ್ಚು ಕಡಿಮೆಯಾಯಿತು, ಸಾಮಾಜಿಕ ಸಂವಹನ ಮತ್ತು ಆಡುವ ಪದಗಳ ಸಂಖ್ಯೆ ಹೆಚ್ಚಾಯಿತು. ಇದರಿಂದ ಆಟಿಸಂ ಹೋಯಿತು ಅಂತ ಅವರು ಹೇಳಿಲ್ಲ.

ಮೂರನೆಯದು ನನಗೆ ಬಹಳ ಮುಖ್ಯ ಅನಿಸುತ್ತೆ. ಆಸ್ಟ್ರೇಲಿಯಾದ ಇಯೋನಾ ನೋವಾಕ್ ಮತ್ತು ಸಂಗಡಿಗರು ಸೆರೆಬ್ರಲ್ ಪಾಲ್ಸಿಗೆ ಇರುವ ಚಿಕಿತ್ಸೆಗಳನ್ನೆಲ್ಲ ಒಟ್ಟಿಗೆ ಇಟ್ಟು, ಟ್ರಾಫಿಕ್ ಸಿಗ್ನಲ್ ಹಾಗೆ ಹಸಿರು, ಹಳದಿ, ಕೆಂಪು ಅಂತ ವಿಂಗಡಿಸಿದರು. 2013ರ ಪಟ್ಟಿಯಲ್ಲಿ 64 ಚಿಕಿತ್ಸೆಗಳಿದ್ದವು, ಹಿಪ್ಪೋಥೆರಪಿಗೆ ಹಳದಿ ಸಿಕ್ಕಿತ್ತು. 2020ರಲ್ಲಿ ಪಟ್ಟಿ ಪರಿಷ್ಕರಿಸಿದಾಗ ಅದು ಹಸಿರು ಸಾಲಿಗೆ ಬಂತು. ಅದೇ ಹಸಿರು ಸಾಲಿನಲ್ಲಿ ಇನ್ನೇನಿದೆ ಗೊತ್ತಾ? ಥೆರಪಿಸ್ಟ್ ಹಾಕಿಕೊಟ್ಟ ಮನೆ ಕಾರ್ಯಕ್ರಮ. ಮಗು, ಪೋಷಕರು ಸೇರಿ ಒಂದು ಗುರಿ ಇಟ್ಟುಕೊಂಡು ಮಾಡುವ ತರಬೇತಿ. ಬೇಕಾದ ಕೆಲಸವನ್ನೇ ನೇರವಾಗಿ ಅಭ್ಯಾಸ ಮಾಡೋದು. ಎರಡೂ ಕೈ ಬಳಸುವ ಆಟ. ಇವಕ್ಕೆ ಕುದುರೆ ಬೇಡ, ಲಾಯ ಬೇಡ.

ಕೆಲಸ ಮಾಡುವ ಈ ಚಿಕಿತ್ಸೆಗಳಲ್ಲಿ ಬಹುಪಾಲಿಗೆ ಒಂದು ಸಮಾನ ಗುಣ ಇದೆ: ಮಗು ತಾನೇ ಮಾಡಬೇಕು. ಬೇರೆಯವರು ಮಗುವಿನ ಕೈಕಾಲು ಹಿಡಿದು ಆಡಿಸುವ ಪದ್ಧತಿಗಳು ಆ ಪಟ್ಟಿಯಲ್ಲಿ ಹಿಂದೆ ಬಿದ್ದವು. ನಮ್ಮ ಮನೆಗಳಲ್ಲಿ ಮಗುವಿಗೆ ದಿನಾ ಎಣ್ಣೆ ಹಚ್ಚಿ ತಿಕ್ಕಿ ಬಿಸಿನೀರು ಹಾಕ್ತಾರೆ. ಪ್ರೀತಿಯ ಕೆಲಸ, ಮಗುವಿಗೆ ಹಿತವೂ ಆಗುತ್ತೆ. ಆದ್ರೆ ಆ ಹೊತ್ತಿನಲ್ಲಿ ದುಡಿಯೋದು ಅಜ್ಜಿಯ ಕೈ. ‘ಎರಡು ವರ್ಷದಿಂದ ಎಣ್ಣೆ ಹಚ್ಚಿಸ್ತಿದೀವಿ, ಅದೇ ಚಿಕಿತ್ಸೆ’ ಅಂತ ಕೂತರೆ, ಕಲಿಕೆಗೆ ಬಹಳ ಅನುಕೂಲವಾದ ಮೊದಲ ವರ್ಷಗಳು ಕಳೆದುಹೋಗ್ತವೆ.

ಶಿರಸಿಯಿಂದ ಲೆಕ್ಕ ಹಾಕಿದ್ರೆ

ಕುದುರೆ ನಮ್ಮ ಘಟ್ಟದ ಪ್ರಾಣಿ ಅಲ್ಲ. ನಮ್ಮ ರಾಜ್ಯದಲ್ಲಿ ಕುದುರೆ, ಅದನ್ನ ಬಲ್ಲ ಜನ, ಪಶುವೈದ್ಯರು ಸೇರಿರೋದು ರೇಸ್ ಕೋರ್ಸ್ ಇರುವ ಬೆಂಗಳೂರು, ಮೈಸೂರಿನಲ್ಲಿ, ಟಿಪ್ಪು ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್‌ನಂಥ ಕಡೆ. ಹಾಗಾಗಿ ಇಂಥ ಚಿಕಿತ್ಸೆಯೂ ದೊಡ್ಡ ನಗರಗಳ ಸುತ್ತ ಬೆಳೆಯೋದು ಸಹಜ.

ಶಿರಸಿಯಿಂದ ಬೆಂಗಳೂರು ಸುಮಾರು 400 ಕಿ.ಮೀ. ವಾರಕ್ಕೊಂದು ಸೆಷನ್, 10 ವಾರ ಅಂದ್ರೆ ಹೋಗಿ ಬರೋದು ಒಟ್ಟು 8,000 ಕಿ.ಮೀ. ಮಗು ಕುದುರೆ ಮೇಲೆ ಕೂರೋದು ಅರ್ಧ ಗಂಟೆಯಂತೆ ಒಟ್ಟು 5 ಗಂಟೆ. ಅದೇ 10 ವಾರ ಮನೆಯಲ್ಲಿ ದಿನಕ್ಕೆ 20 ನಿಮಿಷ ಸರಿಯಾದ ಅಭ್ಯಾಸ ಮಾಡಿಸಿದ್ರೆ 23 ಗಂಟೆ ಆಗುತ್ತೆ. ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು, ಗುರುತಿಲ್ಲದ ಜಾಗದಲ್ಲಿ ಇಳಿದ ಆಟಿಸಂ ಮಗು ಆ ಅರ್ಧ ಗಂಟೆಯನ್ನ ಎಷ್ಟು ಬಳಸಿಕೊಳ್ಳುತ್ತೆ ಅನ್ನೋದನ್ನೂ ಯೋಚಿಸಿ.

ಹಾಗಂತ ಕುದುರೆ ಚಿಕಿತ್ಸೆ ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ. ಬೆಂಗಳೂರಲ್ಲಿ ಅಣ್ಣನೋ ಅಕ್ಕನೋ ಇದ್ದು, ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಉಳಿಯೋ ಅನುಕೂಲ ಇದ್ರೆ, ವೈದ್ಯರು ಒಪ್ಪಿದ್ರೆ, ಖಂಡಿತ ಪ್ರಯತ್ನಿಸಿ. ಅದಕ್ಕಾಗಿ ತೋಟ-ಮನೆ ಬಿಡೋ ಅಷ್ಟು ದೊಡ್ಡ ವ್ಯತ್ಯಾಸವನ್ನ ಮೇಲಿನ ಯಾವ ಅಧ್ಯಯನವೂ ತೋರಿಸಿಲ್ಲ.

ಹೋಗೋದಾದ್ರೆ ಈ ಪ್ರಶ್ನೆ ಕೇಳಿ. ಸೆಷನ್ ನಡೆಸೋರು ಅರ್ಹ ಆಕ್ಯುಪೇಶನಲ್, ಫಿಸಿಯೋ ಅಥವಾ ಸ್ಪೀಚ್ ಥೆರಪಿಸ್ಟಾ, ಇಲ್ಲ ಸವಾರಿ ತರಬೇತುದಾರರಾ? ನನ್ನ ಮಗುವಿಗೆ ಇಟ್ಟ ಗುರಿ ಏನು, ಅದನ್ನ ಯಾವಾಗ ಅಳೀತೀರಿ? ಹೆಲ್ಮೆಟ್ ಇದೆಯಾ? ಪಕ್ಕದಲ್ಲಿ ಎಷ್ಟು ಜನ ನಡೀತಾರೆ? ಕುದುರೆ ದಿನಕ್ಕೆ ಎಷ್ಟು ಮಕ್ಕಳನ್ನ ಹೊರುತ್ತೆ, ಅದಕ್ಕೆ ವಿಶ್ರಾಂತಿ ಇದೆಯಾ? ಮನೆಯಲ್ಲಿ ಮಾಡೋಕೆ ಏನು ಹೇಳಿಕೊಡ್ತೀರಿ? ಕೊನೆಯ ಪ್ರಶ್ನೆಗೆ ಉತ್ತರ ಇಲ್ಲದಿದ್ರೆ ಆ ಕೇಂದ್ರ ನಿಮ್ಮಂಥ ದೂರದವರಿಗೆ ಅಲ್ಲ.

ಯಾರನ್ನ ಕೂರಿಸಬಾರದು ಅನ್ನೋದೂ ಗೊತ್ತಿರಲಿ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ಜೋಡಣೆ ಸಡಿಲ ಇರುತ್ತೆ. ಕುಲುಕಾಟದಿಂದ ಅಪಾಯ ಆಗಬಹುದು. ವೈದ್ಯರ ತಪಾಸಣೆ ಇಲ್ಲದೆ ಅವರನ್ನ ಕೂರಿಸಲೇಬಾರದು. ಹತೋಟಿಗೆ ಬಾರದ ಫಿಟ್ಸ್, ಜಾರಿದ ಸೊಂಟದ ಕೀಲು, ತೀರಾ ಬಾಗಿದ ಬೆನ್ನೆಲುಬು, ಸುಲಭಕ್ಕೆ ಮುರಿಯುವ ಮೂಳೆ, ಕುದುರೆ ಕೂದಲಿನ ಅಲರ್ಜಿ ಇದ್ದವರಿಗೂ ಇದು ಸಾಮಾನ್ಯವಾಗಿ ಬೇಡ. ಎರಡು ವರ್ಷದೊಳಗಿನ ಮಕ್ಕಳನ್ನೂ ಕೂರಿಸೋದಿಲ್ಲ. ಧನುರ್ವಾಯು ಲಸಿಕೆ ಆಗಿರಬೇಕು. ಕಡಲತೀರದಲ್ಲೋ ಜಾತ್ರೆಯಲ್ಲೋ ಸಿಗುವ ಬಾಡಿಗೆ ಕುದುರೆ ಮೇಲೆ ‘ಒಂದು ಸುತ್ತು ಹೋಗಲಿ, ಅದೇ ಥೆರಪಿ’ ಅಂತ ಕೂರಿಸೋದು ಮಾತ್ರ ಖಂಡಿತ ಬೇಡ.

ಅಂಗಳಕ್ಕೆ ತರಬಹುದಾದ್ದು

ಕುದುರೆ ಕೊಡೋದನ್ನ ಬಿಡಿಸಿ ನೋಡಿದ್ರೆ ನಾಲ್ಕು ಸಿಗುತ್ತೆ: ಲಯಬದ್ಧ ಚಲನೆ, ಅದಕ್ಕೆ ಮಗುವಿನ ಮೈ ಕೊಡುವ ಉತ್ತರ, ಸಾವಿರಾರು ಸಲದ ಪುನರಾವರ್ತನೆ, ಮತ್ತೆ ಮತ್ತೆ ಮಾಡೋಣ ಅನ್ನಿಸುವ ಖುಷಿ. ಇವು ನಮ್ಮಲ್ಲಿ ಎಲ್ಲಿ ಸಿಗ್ತವೆ?

ಅಡಿಕೆ ಹಾಳೆಯ ಆಟ ನೆನಪಿದೆಯಾ? ಒಬ್ಬರು ಹಾಳೆಯ ಮೇಲೆ ಕೂರೋದು, ಇನ್ನೊಬ್ಬರು ಸೋಗೆ ಹಿಡಿದು ಎಳೆಯೋದು. ಎಳೆದ ಕೂಡ್ಲೇ ಕೂತವರು ಹಿಂದಕ್ಕೆ ವಾಲ್ತಾರೆ, ನಿಂತಾಗ ಮುಂದಕ್ಕೆ, ತಿರುಗಿದಾಗ ಪಕ್ಕಕ್ಕೆ. ಕುದುರೆ ನಿಂತು ಹೊರಡುವಾಗ ಥೆರಪಿಸ್ಟ್ ಬಯಸುವ ಬೆನ್ನಿನ ಪ್ರತಿಕ್ರಿಯೆಗೆ ಇದು ಹತ್ತಿರ. ಆಸರೆ ಇಲ್ಲದೆ ಕೂರಬಲ್ಲ ಮಗುವಾದ್ರೆ, ಸಗಣಿ ಸಾರಿಸಿದ ಸಮತಟ್ಟು ಅಂಗಳದಲ್ಲಿ, ನಿಧಾನಕ್ಕೆ, ಪಕ್ಕದಲ್ಲಿ ಒಬ್ಬ ದೊಡ್ಡವರು ಇದ್ದು ಆಡಿಸಬಹುದು. ‘ನಡಿ’ ಅಂದ್ರೆ ಮಾತ್ರ ಎಳೀರಿ, ‘ನಿಲ್ಲು’ ಅಂದಾಗ ನಿಲ್ಲಿಸಿ. ಮಾತು ಬರದ ಮಗು ಕೈ ತಟ್ಟಿದ್ರೂ ಸಾಕು. ಕುತ್ತಿಗೆ ನಿಲ್ಲದ ಮಗುವಿಗೆ ಇದು ಬೇಡ. ಇದು ಕುದುರೆಗೆ ಸರಿಸಮ ಅಂತಲೂ ತಿಳೀಬೇಡಿ, ಸೊಂಟದ ಆ ಮೂರು ಬಗೆಯ ಅಲುಗಾಟ ಹಾಳೆಯಲ್ಲಿ ಇಲ್ಲ.

ಕೈ ಬೆರಳಿಗೆ ನಮ್ಮಲ್ಲಿ ಕೆಲಸಕ್ಕೆ ಬರ ಇಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಹಲಸಿನ ಹಪ್ಪಳ ಮಾಡುವಾಗ ಉಂಡೆ ಕಟ್ಟೋದು, ಒತ್ತೋದು: ಎರಡೂ ಕೈ, ಭುಜದ ಬಲ ಎಲ್ಲಾ ಬೇಕು. ಚಕ್ಕುಲಿ ಹಿಟ್ಟು ನಾದೋದು, ಅವರೆಕಾಳು ಸುಲಿಯೋದು, ಒಣಗಿದ ಅಡಿಕೆಯನ್ನ ಒಂದು ಬುಟ್ಟಿಯಿಂದ ಇನ್ನೊಂದಕ್ಕೆ ಆರಿಸಿ ಹಾಕೋದು. ಬಾಯಿಗೆ ಹಾಕಿಕೊಳ್ಳುವ ಅಭ್ಯಾಸ ಇರುವ ಮಗುವಾದ್ರೆ ಅಡಿಕೆ, ಕಾಳು ಬೇಡ, ಗಂಟಲಲ್ಲಿ ಸಿಕ್ಕೀತು. ಅಂಟು ಹಿಟ್ಟು ಮುಟ್ಟೋಕೆ ಹೇಸುವ ಮಗುವಿಗೆ ಬಲವಂತ ಮಾಡಬೇಡಿ. ಮೊದಲ ದಿನ ಚಮಚದಲ್ಲಿ ಮುಟ್ಟಲಿ, ಆಮೇಲೆ ಒಂದು ಬೆರಳು, ಆಮೇಲೆ ಅಂಗೈ.

ಇನ್ನು ಪ್ರಾಣಿಯ ಒಡನಾಟ. ನಮ್ಮ ಕೊಟ್ಟಿಗೆಯ ಮಲೆನಾಡು ಗಿಡ್ಡ ಹಸು ಮಗುವಿನ ಎತ್ತರಕ್ಕೆ ಹತ್ತಿರ. ಸಾಧು ಹಸುವಿನ ಮೈ ತಿಕ್ಕೋದು, ಒಂದು ಹಿಡಿ ಹಸಿಹುಲ್ಲು ಕೊಡೋದು, ಕರುವನ್ನ ಹೆಸರಿಟ್ಟು ಕರೆಯೋದು: ಸರದಿ ಕಾಯೋದನ್ನ, ಮೆಲ್ಲಗೆ ಮುಟ್ಟೋದನ್ನ, ಇನ್ನೊಂದು ಜೀವದ ಕಡೆ ಗಮನ ಕೊಡೋದನ್ನ ಇದು ಅಭ್ಯಾಸ ಮಾಡಿಸುತ್ತೆ. ಕೊಲರಾಡೋದ ಫಲ ಹಸುವಿನಿಂದಲೂ ಬರುತ್ತೆ ಅಂತ ಆ ಅಧ್ಯಯನ ಹೇಳಲ್ಲ. ಆದ್ರೆ ದಿನಾ ಸಂಜೆ ಅದೇ ಹೊತ್ತಿಗೆ, ಅದೇ ಕ್ರಮದಲ್ಲಿ ನಡೆಯುವ ಕೆಲಸ ಆಟಿಸಂ ಇರುವ ಅನೇಕ ಮಕ್ಕಳಿಗೆ ನೆಮ್ಮದಿ ಕೊಡುತ್ತೆ. ಹಸುವಿನ ಬೆನ್ನ ಮೇಲೆ ಕೂರಿಸಬೇಡಿ. ಆಮೇಲೆ ಕೈ ತೊಳೆಸಿ, ಉಣ್ಣೆ ಹತ್ತಿದೆಯಾ ನೋಡಿ.

ಇಷ್ಟೆಲ್ಲದರ ಮಧ್ಯೆ ಗುರಿ ಒಂದೇ ಇರಲಿ. ‘ಮಗು ಸರಿಹೋಗಬೇಕು’ ಅನ್ನೋದನ್ನ ಅಳೆಯೋಕಾಗಲ್ಲ. ‘ಊಟದ ಹೊತ್ತಿನಲ್ಲಿ ಗೋಡೆಗೆ ಒರಗದೆ ಹತ್ತು ನಿಮಿಷ ಕೂರಬೇಕು’ ಅನ್ನೋದನ್ನ ಅಳೀಬಹುದು. ಸೋಮವಾರ ಎರಡು ನಿಮಿಷ, ಮುಂದಿನ ಸೋಮವಾರ ಮೂರು. ಕ್ಯಾಲೆಂಡರ್ ಮೇಲೆ ಬರೀರಿ. ಮಾರಿಕಾಂಬಾ ಜಾತ್ರೆಯ ಗದ್ದಲ, ಬೇಡರ ವೇಷದ ತಮಟೆ ಸದ್ದು ತಡೆಯದ ಮಗುವಿಗೆ ‘ಕಿವಿಗೆ ಮಫ್ ಹಾಕಿಕೊಂಡು ದೂರದಿಂದ ಐದು ನಿಮಿಷ’ ಅನ್ನೋದೂ ಒಳ್ಳೆಯ ಗುರಿಯೇ.

ಯಾರ ಬಾಗಿಲು ತಟ್ಟೋದು?

ಇಲ್ಲಿಯವರೆಗೆ ಹೇಳಿದ್ದಕ್ಕೆಲ್ಲಾ ಒಂದು ಷರತ್ತಿದೆ. ಮಗುವನ್ನ ಒಮ್ಮೆಯಾದ್ರೂ ಥೆರಪಿಸ್ಟ್ ಕೈಮುಟ್ಟಿ ನೋಡಿರಬೇಕು. ಮನೆ ಕಾರ್ಯಕ್ರಮ ಕೆಲಸ ಮಾಡೋದು ಅದನ್ನ ತಿಳಿದವರು ಆ ಮಗುವಿಗೇ ಅಂತ ಹಾಕಿಕೊಟ್ಟಾಗ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಹುಟ್ಟಿದಾಗಿನಿಂದ 18 ವರ್ಷದವರೆಗಿನ ಮಕ್ಕಳಿಗೆ. ಅದರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಬೆಳವಣಿಗೆ ತಡ ಅನಿಸಿದ್ರೆ ಜಿಲ್ಲಾ ಮಟ್ಟದ ಆರಂಭಿಕ ಹಸ್ತಕ್ಷೇಪ ಕೇಂದ್ರಕ್ಕೆ ಬರೆದುಕೊಡಿ ಅಂತ ಕೇಳಿ. ಆಕ್ಯುಪೇಶನಲ್ ಥೆರಪಿ ಕಲಿಸುವ ವಿಭಾಗ ಮಣಿಪಾಲದಲ್ಲಿದೆ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಇದೆ. ಯಲ್ಲಾಪುರದವರಿಗೆ ಹುಬ್ಬಳ್ಳಿ-ಧಾರವಾಡ ಹತ್ತಿರ, ಸಿದ್ದಾಪುರದವರಿಗೆ ಸಾಗರ ದಾಟಿ ಶಿವಮೊಗ್ಗ. ಶಿರಸಿಯಲ್ಲಿ ಅಜಿತ ಮನೋಚೇತನಾ ಸಂಸ್ಥೆಯ ವಿಶೇಷ ಶಾಲೆ ಇದೆ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಸಂಪನ್ಮೂಲ ಶಿಕ್ಷಕರು, ತಾಲ್ಲೂಕು ಪಂಚಾಯ್ತಿ ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರ್ತಾರೆ. ಅವರ ಪರಿಚಯ ಮಾಡಿಕೊಳ್ಳಿ.

ದುಡ್ಡಿನ ವಿಷಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನ ಗುರುತಿಸುತ್ತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಅದರಲ್ಲಿವೆ. ಮೊದಲು ಯುಡಿಐಡಿ ಕಾರ್ಡ್ ಮಾಡಿಸಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹು ಅಂಗವೈಕಲ್ಯ ಇದ್ದವರಿಗೆ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ಆರೋಗ್ಯ ವಿಮೆ ಇದೆ: ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಥೆರಪಿಯ ಖರ್ಚಿಗೂ ಅದರಲ್ಲಿ ಒಂದು ಪಾಲು.

ಥೆರಪಿಸ್ಟ್ ದೂರ ಇದ್ರೆ ತಿಂಗಳಿಗೊಮ್ಮೆ ಹೋಗಿ, ನಡುವೆ ವಿಡಿಯೋ ಮೂಲಕ ತೋರಿಸಿ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ ಅಂತೀರಾ? ಮಗು ಊಟ ಮಾಡೋದನ್ನ, ಕೂರೋದನ್ನ ಎರಡು ನಿಮಿಷ ರೆಕಾರ್ಡ್ ಮಾಡಿ, ಗುಡ್ಡ ಹತ್ತಿದಾಗಲೋ ಪೇಟೆಗೆ ಬಂದಾಗಲೋ ಕಳಿಸಿ. ಮನೆಯ ಪಾವಟಿಗೆ, ಬಚ್ಚಲು, ಮಗು ಕೂರುವ ಮಣೆ ಎಲ್ಲಾ ಆ ವಿಡಿಯೋದಲ್ಲಿ ಇರಲಿ. ಆಸ್ಪತ್ರೆಯ ಕೋಣೆಯಲ್ಲಿ ಕಾಣದ್ದು ಅದರಲ್ಲಿ ಕಾಣುತ್ತೆ.

ಮುಂದೆ ಶಿರಸಿಯಲ್ಲೇ ಒಂದು ಕೇಂದ್ರ?

ಆಗಬಾರದು ಅಂತೇನಿಲ್ಲ. ಅದಕ್ಕೆ ಸಾಧು ಸ್ವಭಾವದ, ಸಮ ಹೆಜ್ಜೆಯ ಕುದುರೆಗಳು ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಗೆ ಮಾಡು ಹೊದಿಸಿದ ಅಂಕಣ ಬೇಕು. ಕುದುರೆ ಬಲ್ಲ ಪಶುವೈದ್ಯರು, ಪಳಗಿದ ಸಹಾಯಕರು ಬೇಕು. ಎಲ್ಲಕ್ಕಿಂತ ಮೊದಲು ಆಕ್ಯುಪೇಶನಲ್ ಥೆರಪಿಸ್ಟ್ ಬೇಕು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಉತ್ತರ ಕನ್ನಡದ ಜನ ವರ್ಷಗಳಿಂದ ಕೇಳ್ತಿದ್ದಾರೆ. ಆ ಬೇಡಿಕೆಯ ಪಟ್ಟಿಯಲ್ಲಿ ‘ಪ್ರತಿ ತಾಲ್ಲೂಕು ಆಸ್ಪತ್ರೆಗೆ ವಾರಕ್ಕೆ ಎರಡು ದಿನ ಒಬ್ಬ ಆಕ್ಯುಪೇಶನಲ್ ಥೆರಪಿಸ್ಟ್’ ಅನ್ನೋ ಸಾಲೂ ಸೇರಲಿ. ಶಿರಸಿ, ಸಿದ್ದಾಪುರ, ಯಲ್ಲಾಪುರಕ್ಕೆ ಒಬ್ಬರೇ ಹಂಚಿಕೊಂಡು ಬಂದರೂ ವಾರದ ಆರು ದಿನ ತುಂಬುತ್ತೆ. ಕುದುರೆ ಆಮೇಲೆ ಬರಲಿ.

ಮೊದಲ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಬೆಂಗಳೂರಿಗೆ ಮನೆ ಬದಲಿಸೋ ಮೊದಲು, ಈ ತಿಂಗಳೇ ಮಗುವನ್ನ ಒಬ್ಬ ಥೆರಪಿಸ್ಟ್‌ಗೆ ತೋರಿಸಿ. ಒಂದು ಗುರಿ ಬರೆಸಿಕೊಂಡು ಬನ್ನಿ. ದಿನಕ್ಕೆ 20 ನಿಮಿಷದಂತೆ ಮೂರು ತಿಂಗಳು ಮಾಡಿ, ಏನು ಬದಲಾಯಿತು ಅಂತ ಅಳೀರಿ. ಆಮೇಲೂ ಕುದುರೆ ಬೇಕು ಅನಿಸಿದ್ರೆ ಆಗ ನಿಮ್ಮ ಕೈಯಲ್ಲಿ ಕೇಳೋಕೆ ಸರಿಯಾದ ಪ್ರಶ್ನೆಗಳಿರ್ತವೆ.

ನಿಮ್ಮ ಊರಿನ ಅಂಗನವಾಡಿ ಶಿಕ್ಷಕಿಗೆ, ಆಶಾ ಕಾರ್ಯಕರ್ತೆಗೆ ಈ ಸಂಚಿಕೆ ಕಳಿಸಿ.